ಡಬ್ಬಿಯ ಬೆನ್ನ ಮೇಲಿನ ಸಂಖ್ಯೆ

ಸ್ವಿಚ್ ಡಬ್ಬಿಯ ನಾಲ್ಕನೆಯ ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಬಿಡಿ ಅಕ್ಕ, ನಾಲ್ಕು ಗಂಟೆಗೆ ಎಲೆಕ್ಟ್ರಿಕಲ್ ಆಫೀಸರು ಬರ್ತಾರೆ. ಅವರೇ ಬಿಚ್ಕೊಳ್ಳಲಿ," ಎಂದರು ಇನ್ಸ್‌ಪೆಕ್ಟರು.

"ನಾಲ್ಕು ಗಂಟೆಗೇ ನನ್ನ ತಮ್ಮನ್ನ ಕೋರ್ಟಿಗೆ ಹಾಜರು ಮಾಡ್ತೀರಿ ಅಲ್ವಾ ಸಾರ್? ಅವನನ್ನ ಒಳಗೆ ಹಾಕಿದ ಮೇಲೆ ಈ ಡಬ್ಬಿ ಬಿಚ್ಚಿ ಏನು ಆರತಿ ಎತ್ತಬೇಕಾ?"

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಎರಡೂಕಾಲು. ಸ್ಕ್ರೂ ಒಂದು ಸಲ ಕಿರ್ರೆಂದು ಶರಣಾಯಿತು.

ಟೆಸ್ಟರಕ್ಕ ಅಂದರೆ ಆ ಬೀದಿಗಳಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷದಿಂದ ಕಿವಿಯ ಸಂದಿಗೆ ಟೆಸ್ಟರ್ ಸಿಕ್ಕಿಸಿಕೊಂಡೇ ಓಡಾಡುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲಿ ಉಳಿದೀತು? ಅವಳ ತಮ್ಮನೂ ವೈರಿಂಗ್ ಕೆಲಸದವನೇ. ಈ ಲಾಂಡ್ರಿಯ ದೊಡ್ಡ ಇಸ್ತ್ರಿ ಮಷೀನಿಗೆ ಸ್ವಿಚ್ ಬೋರ್ಡ್ ಕೂರಿಸಿದ್ದವನು ಅವನು. ಮೂರು ದಿನದ ಹಿಂದೆ ಯಜಮಾನರು ಆ ಸ್ವಿಚ್ಚು ಆರಿಸಿ, ಮಷೀನಿನ ಮುಚ್ಚಳ ತೆಗೆದು, ಒಳಗೆ ಕೈಯಿಟ್ಟವರು ಅಲ್ಲೇ ಶಾಕ್ ಹೊಡೆದು ಸತ್ತರು. ತಮ್ಮ ನಿನ್ನೆ ರಾತ್ರಿಯಿಂದ ಲಾಕಪ್ಪಿನಲ್ಲಿದ್ದ.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಯಜಮಾನರ ಹೆಂಡತಿ, ಕೈಯಲ್ಲಿ ಗಂಡನ ಕನ್ನಡಕ ಹಿಡಿದು ಕೂತಿದ್ದರು. ಬಾಗಿಲಿಗೆ ಒರಗಿ ಮ್ಯಾನೇಜರು ನಿಂತಿದ್ದ, ಯಜಮಾನರಿಗೆ ವರಸೆಯಲ್ಲಿ ತಮ್ಮ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ.

ಮುಚ್ಚಳ ಕಳಚಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು.

"ನೋಡಿದ್ರಾ?" ಇನ್ಸ್‌ಪೆಕ್ಟರು ಬಗ್ಗಿದರು. "ನಾಲ್ಕು ವೈರೂ ಕರಗಿ ಒಂದಕ್ಕೊಂದು ಅಂಟ್ಕೊಂಡಿವೆ. ಸ್ವಿಚ್ ಆರಿಸಿದ್ರೂ ಕರೆಂಟು ಇಲ್ಲೇ ದಾಟಿ ಮಷೀನಿಗೆ ಹೋಗಿದೆ. ನಾನು ಹೇಳಿದ್ದೂ ಇದೇ."

ಟೆಸ್ಟರಕ್ಕ ಕರಗಿದ ವೈರನ್ನು ಬೆರಳಲ್ಲಿ ಒತ್ತಿ ನೋಡಿದಳು. ಬಲ್ಬಿಗೆ, ಫ್ಯಾನಿಗೆ ಹಾಕುವ ತೆಳು ವೈರು, ಕಸುಬಿನವರ ಬಾಯಲ್ಲಿ ಒಂದೂವರೆ ವೈರು. ಇಷ್ಟು ದೊಡ್ಡ ಮಷೀನಿಗೆ ಅದನ್ನು ಹಾಕುವುದೆಂದರೆ ಉದ್ದೇಶಪೂರ್ವಕವಾಗಿ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. 'ಅಕ್ಕಾ, ನಾಲ್ಕರ ವೈರೇ ಹಾಕಿದ್ದೀನಿ, ನಿನ್ನಾಣೆ' ಎಂದು ಲಾಕಪ್ಪಿನ ಸರಳು ಹಿಡಿದು ಹೇಳಿದ್ದ ತಮ್ಮ. ನಾಲ್ಕರದು ದಪ್ಪ ವೈರು, ಇಂಥ ಎರಡು ಮಷೀನು ಓಡಿಸಿದರೂ ಬೆಚ್ಚಗಾಗದು.

ಸುಳ್ಳು ಹೇಳಿದನೇ ನನ್ನ ತಮ್ಮ?

ಪಕ್ಕದ ಮೇಜಿನ ಮೇಲಿದ್ದ ಅವಳ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಗಂಡನ ನಗುಮುಖ. ಅವಳು ಭುಜಕ್ಕೂ ಕಿವಿಗೂ ಫೋನು ಸಿಕ್ಕಿಸಿಕೊಂಡಳು.

"ಊಟ ಆಯ್ತೇನೇ?"

"ಊಟಕ್ಕೆ ಈಗೇನು ಅವಸರ ರೀ? ಡಬ್ಬಿ ಬಿಚ್ಚಿದ್ದೀನಿ. ಒಳಗೆ ತೆಳು ವೈರೇ ಇದೆ. ಕೈಕಾಲೇ ಆಡ್ತಿಲ್ಲ."

"ವೈರು ಸುಟ್ಟಿದೆ ಅಲ್ವಾ? ಅಷ್ಟು ನೋಡಿದ್ಯಲ್ಲ, ಬಂದ್ಬಿಡು. ಪೂರ್ತಿ ಹೊರಗೆ ಎಳೆಯೋಕೆ ಹೋಗ್ಬೇಡ. ಎಲ್ಲಾದ್ರೂ ಕೈ ಸುಟ್ಕೊಂಡೀಯ."

"ಫ್ಯೂಸು ಇನ್ಸ್‌ಪೆಕ್ಟರ ಜೇಬಲ್ಲಿದೆ ರೀ, ಕರೆಂಟೇ ಇಲ್ಲ. ಆಮೇಲೆ ಮಾಡ್ತೀನಿ," ಎಂದು ಇಟ್ಟಳು. ಬೆಳಗ್ಗೆ ಚೀಲಕ್ಕೆ ಸ್ಕ್ರೂ ಡ್ರೈವರು, ಇಕ್ಕಳ, ಟಾರ್ಚು ಎಲ್ಲ ಜೋಡಿಸಿ ಕೊಟ್ಟಿದ್ದು ಗಂಡನೇ. ಭಾವಮೈದುನ ಜೈಲಿಗೆ ಹೋಗುತ್ತಾನೆಂದು ಮೂರು ದಿನದಿಂದ ಸರಿಯಾಗಿ ಅನ್ನ ತಿಂದಿಲ್ಲ ಪಾಪ. ಒಂದು ಕಾಲಕ್ಕೆ ಅವರೂ ವೈರಿಂಗ್ ಮಾಡುತ್ತಿದ್ದರು. ಅವಳ ಅಪ್ಪನ ಕೈಕೆಳಗೆ ಕಲಿತವರು ಮೂರೇ ಜನ: ಮಗಳು, ಮಗ, ಮಗಳನ್ನು ಕಟ್ಟಿಕೊಂಡವನು. ಮೂರನೆಯವರು ಆ ಕಸುಬು ಬಿಟ್ಟು ಲಿಫ್ಟ್ ರಿಪೇರಿಗೆ ಸೇರಿ ಹತ್ತು ವರ್ಷವಾಗಿತ್ತು.

ಅವಳು ಮತ್ತೆ ಡಬ್ಬಿಯ ಕಡೆ ತಿರುಗಿದಳು. ಗೋಡೆಯೊಳಗೆ ಹುದುಗಿಸಿದ ಕಬ್ಬಿಣದ ಡಬ್ಬಿ. ವೈರು ನೋಡಿ ನೋಡಿ ಕಣ್ಣು ಸೋತಿತ್ತು. ಈ ಸಲ ಡಬ್ಬಿಯನ್ನೇ ನೋಡಿದಳು, ಬೆರಳು ಹಾಕಿ ಆಳ ಅಳೆದಳು.

"ಸಾರ್!"

ಇನ್ಸ್‌ಪೆಕ್ಟರು ಬೆಚ್ಚಿದರು. "ಏನಾಯ್ತು? ಶಾಕ್ ಹೊಡೀತಾ?"

"ಇದು ಆಳದ ಡಬ್ಬಿ ಸಾರ್!"

"ಇರ್ಲಿ ಬಿಡಿ. ಅದಕ್ಕೇನೀಗ?"

"ಅದಕ್ಕೇನೀಗ ಅಂತೀರಾ? ಗೋಡೆಯಲ್ಲಿ ಇದನ್ನ ಕೂರಿಸೋಕೆ ಚಿಕ್ಕ ಡಬ್ಬಿಗಿಂತ ಎರಡರಷ್ಟು ಕೊರೀಬೇಕು. ಅರ್ಧ ದಿನ ಉಳಿ ಹಿಡಿದು ಧೂಳು ಕುಡೀಬೇಕು. ಸುಮ್ಸುಮ್ನೆ ಯಾರು ಮಾಡ್ತಾರೆ ಸಾರ್?" ಅವಳ ಮಾತು ಓಡತೊಡಗಿತು. "ನಮ್ಮಪ್ಪ ಒಂದು ಲೆಕ್ಕ ಹೇಳ್ಕೊಟ್ಟಿದ್ರು. ಯಾವ ಡಬ್ಬಿ ಅಂತ ತೀರ್ಮಾನಿಸೋಕೆ ಮುಂಚೆ ಒಳಗೆ ಏನೇನು ಬರುತ್ತೆ ಅಂತ ಎಣಿಸು. ಬರೋ ವೈರು ಎರಡು, ಮಷೀನಿಗೆ ಹೋಗೋ ವೈರು ಎರಡು, ನಾಲ್ಕಾಯ್ತು. ಸ್ವಿಚ್ಚು ಎರಡು ವೈರಿನ ಜಾಗ ತಿನ್ನುತ್ತೆ, ಆರಾಯ್ತು. ಈ ಹಸಿರು ಅರ್ಥ್ ವೈರು ಇದೆಯಲ್ಲ, ಅವು ಎಷ್ಟಾದ್ರೂ ಇರ್ಲಿ, ಎಲ್ಲಾ ಸೇರಿ ಒಂದೇ. ಒಟ್ಟು ಏಳು. ದಪ್ಪ ವೈರಾದ್ರೆ ಆರು ದಾಟಿದ ತಕ್ಷಣ ಆಳದ ಡಬ್ಬಿ. ತೆಳು ವೈರಾದ್ರೆ ಏಳಲ್ಲ, ಎಂಟಿದ್ರೂ ಚಿಕ್ಕ ಡಬ್ಬಿಯೇ ಸಾಕು. ವೈರಲ್ಲಿ ಜುಗ್ಗತನ ಮಾಡೋನು ಡಬ್ಬಿಯಲ್ಲಿ ಧಾರಾಳಿ ಆಗ್ತಾನಾ?"

"ಮನೇಲಿ ಬಿದ್ದಿತ್ತೇನೋ, ತಂದು ಹಾಕಿದ್ದಾನೆ," ಎಂದ ಮ್ಯಾನೇಜರು ಬಾಗಿಲಿನಿಂದ. "ಡಬ್ಬಿ ನೋಡ್ಕೊಂಡು ನ್ಯಾಯ ಹೇಳೋಕಾಗುತ್ತಾ?"

"ಅವರು ಹೇಳೋದರಲ್ಲೂ ಅರ್ಥ ಇದೆ ಅಕ್ಕ," ಇನ್ಸ್‌ಪೆಕ್ಟರು ಗಲ್ಲ ಕೆರೆದುಕೊಂಡರು.

ಟೆಸ್ಟರಕ್ಕ ಆಗಲೇ ಟಾರ್ಚು ಹಚ್ಚಿ ಡಬ್ಬಿಯೊಳಗೆ ಮೂಗು ತೂರಿಸಿದ್ದಳು. ವೈರುಗಳ ಮೈ ಇದ್ದಿಲಿನಂತೆ ಕಪ್ಪಗಿತ್ತು. ಅವುಗಳಿಗೆ ತಾಗಿಕೊಂಡೇ ಇದ್ದ ಡಬ್ಬಿಯ ಬೂದು ಬಣ್ಣ ಮಾತ್ರ ನಿನ್ನೆ ಬಳಿದಷ್ಟು ಸ್ವಚ್ಛ. ಒಂದು ಕಲೆಯಿಲ್ಲ, ಒಂದು ಗುಳ್ಳೆ ಎದ್ದಿಲ್ಲ. ಪಕ್ಕದಲ್ಲಿದ್ದ ಎರಡು ಹಸಿರು ವೈರು ಹೊಚ್ಚ ಹೊಸದಾಗಿ ಮಿರುಗುತ್ತಿದ್ದವು.

ಅವಳಿಗೆ ಕೂಗಿ ಕುಣಿಯಬೇಕೆನಿಸಿತು.

"ಸಾರ್, ಒಂದು ಕೇಳ್ತೀನಿ. ಪಾತ್ರೆಯಲ್ಲಿ ಅನ್ನ ಸೀದು ಕರಕಲಾಗಿದೆ, ಪಾತ್ರೆ ಮಾತ್ರ ತೊಳೆದಿಟ್ಟ ಹಾಗೆ ಫಳಫಳ ಅಂತಿದೆ. ಏನು ಅಂತೀರಿ?"

"ಬೇರೆ ಕಡೆ ಸೀದಿದ್ದನ್ನ ತಂದು ಇದಕ್ಕೆ ಹಾಕಿದ್ದಾರೆ ಅಂತೀನಿ," ಎಂದ ಇನ್ಸ್‌ಪೆಕ್ಟರ ಕಣ್ಣು, ತಾವೇ ಆಡಿದ ಮಾತು ಅರ್ಥವಾಗುತ್ತಲೇ ಅಗಲವಾಯಿತು.

"ಹಿಡ್ಕೊಳ್ಳಿ ಟಾರ್ಚು."

ಅವಳು ಟೆಸ್ಟರಿಟ್ಟು ನೋಡಿದಳು, ಇನ್ನೊಂದು ಸಲ ನೋಡಿದಳು. ಅಂಟಿದ್ದನ್ನು ಬಿಡಿಸಿ, ಒಂದು ಸುಟ್ಟ ವೈರಿಗೆ ಇಕ್ಕಳ ಹಾಕಿ ಗೋಡೆಯೊಳಗಿನ ಪೈಪಿನಿಂದ ಎಳೆದಳು. ಒಂದು ಗೇಣು ಹೊರಗೆ ಬಂತು, ಅಷ್ಟೇ. ಗೇಣಿನ ಕೊನೆಗೆ ಕಪ್ಪು ಟೇಪು ಸುತ್ತಿದ ಗಂಟು. ಗಂಟಿನ ಆಚೆ, ಗೋಡೆಯೊಳಗಿಂದ ಹಾವಿನಂತೆ ಇಣುಕಿದ್ದು ದಪ್ಪ ವೈರು. ನಾಲ್ಕರದು! ಎರಡನೆಯದನ್ನು ಎಳೆದಳು, ಅದೂ ಗೇಣುದ್ದ. ಮೂರನೆಯದು. ನಾಲ್ಕನೆಯದು. ನಾಲ್ಕಕ್ಕೂ ಅದೇ ಗಂಟು, ಅದೇ ದಪ್ಪ ವೈರು.

"ನನ್ನ ತಮ್ಮ ನಾಲ್ಕರ ವೈರೇ ಹಾಕಿದ್ದ!" ಅವಳು ವೈರನ್ನು ಟಾರ್ಚಿನ ಬೆಳಕಿಗೆ ಹಿಡಿದಳು. "ಆಣೆ ಇಟ್ಟು ಹೇಳಿದ್ದ ಸಾರ್, ನಾನೇ ಪಾಪಿ, ಒಂದು ಗಳಿಗೆ ಅನುಮಾನ ಪಟ್ಟೆ. ಯಾರೋ ಅವನ ವೈರಿನ ತುದಿ ಕತ್ತರಿಸಿ, ಹೊರಗೆ ಸುಟ್ಟು ತಂದ ಈ ಚೂರುಗಳನ್ನ ಸೇರಿಸಿದ್ದಾರೆ."

"ಯಾವಾಗ?" ಇನ್ಸ್‌ಪೆಕ್ಟರು ಮ್ಯಾನೇಜರ ಕಡೆ ತಿರುಗಿದರು. "ಅವತ್ತು ಬೆಳಗ್ಗೆ ಹತ್ತು ಗಂಟೆಗೆ ಯಜಮಾನರು ಬಿದ್ರು. ನಾವು ಬಂದು ಸೀಲ್ ಮಾಡಿದ್ದು ಒಂದು ಗಂಟೆಗೆ. ನಡುವೆ ಈ ಕೋಣೆ ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ ಇತ್ತು ಸಾರ್. ಆದ್ರೆ ನಾನು ಆಸ್ಪತ್ರೆಗೆ..."

"ಆಸ್ಪತ್ರೆಗೆ ಬಂದಿದ್ದು ನಾನೊಬ್ಬಳೇ," ಎಂದರು ಯಜಮಾನರ ಹೆಂಡತಿ. ಆ ದಿನ ಆ ಕೋಣೆಯಲ್ಲಿ ಅವರು ಆಡಿದ ಮೊದಲ ಮಾತು. "ನೀನು ಬರ್ತೀನಿ ಅಂದೆ. ಬರ್ಲಿಲ್ಲ."

ಮ್ಯಾನೇಜರ ಮುಖದ ಇಸ್ತ್ರಿ ಮೊದಲ ಸಲ ಮುದುರಿತು. "ಗಿರಾಕಿಗಳು ಬಂದಿದ್ರು ಅತ್ತಿಗೆ. ಮತ್ತೆ ನನಗೆ ಈ ವೈರಿನ ವಿಷಯ ಏನು ಗೊತ್ತು? ಮನೇಲಿ ಬಲ್ಬು ಬದಲಾಯಿಸೋಕೂ ಪಕ್ಕದ ಮನೆಯವರನ್ನ ಕರೀತೀನಿ. ಯಾರನ್ನ ಬೇಕಾದ್ರೂ ಕೇಳಿ."

ಅದು ನಿಜವಿದ್ದಂತೆ ಕಂಡಿತು. ಅವನ ಉಗುರುಗಳು ಮದುಮಗನ ಉಗುರಿನಷ್ಟು ಚೊಕ್ಕಟವಾಗಿದ್ದವು.

"ಇನ್ನೊಂದು ಉಳೀತು," ಟೆಸ್ಟರಕ್ಕ ತನಗೆ ತಾನೇ ಹೇಳಿಕೊಂಡಳು. "ವೈರು ಸುಟ್ಟಿರ್ಲಿಲ್ಲ, ಸ್ವಿಚ್ಚು ಆರಿತ್ತು. ಆದ್ರೂ ಮಷೀನಿಗೆ ಕರೆಂಟು ಹೇಗೆ ಬಂತು? ಅಮ್ಮಾ, ಅವರು ಸ್ವಿಚ್ಚು ಆರಿಸಿದ್ದು ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ ಕಣಮ್ಮ. ಆರಿಸಿದ್ರು. ಸ್ವಿಚ್ಚನ್ನ ಮುಟ್ಟಿ ಇನ್ನೊಂದು ಸಲ ನೋಡಿದ್ರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ರು, ಆವಿಗೆ ಮಂಜಾಗುತ್ತೆ ಅಂತ." ಆಕೆ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡರು. "ಮುಂದಿನ ತಿಂಗಳಿಂದ ಲಾಂಡ್ರಿ ನೀನೇ ನೋಡ್ಕೊ, ಬೀಗದ ಕೈ ಅವನಿಂದ ತಗೊಂಡು ನಿನಗೇ ಕೊಡ್ತೀನಿ ಅಂತಾನೂ ಅಂದ್ರು. ಅದೇ ಕೊನೇ ಮಾತು."

ಇನ್ಸ್‌ಪೆಕ್ಟರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ತನ್ನ ಷೂ ನೋಡಿಕೊಂಡ.

ಟೆಸ್ಟರಕ್ಕ ಆಗಲೇ ಡಬ್ಬಿಯ ನಾಲ್ಕು ಬದಿಗೂ ಬೆರಳಾಡಿಸುತ್ತಿದ್ದಳು. ಮೇಲೆ ಒಂದು ಪೈಪು, ಕೆಳಗೆ ಒಂದು ಪೈಪು. ಬಲಗಡೆ ನುಣುಪು. ಎಡಗಡೆ ಬೆರಳು ತಡೆಯಿತು. ಅದೇ ಬೂದು ಬಣ್ಣ, ಆದರೆ ಕಬ್ಬಿಣದಂತೆ ತಣ್ಣಗಿಲ್ಲ. ಉಗುರಿನಿಂದ ಗೀರಿದಳು. ಪುಡಿಪುಡಿಯಾಗಿ ಉದುರಿತು.

"ಪುಟ್ಟಿ! ಇಲ್ಲೊಂದು ತೂತಿದೆ ಸಾರ್, ಗೋಡೆಯ ಬಿರುಕಿಗೆ ಬಳಿಯೋ ಪುಟ್ಟಿ ಮೆತ್ತಿ ಬಣ್ಣ ಹಚ್ಚಿದ್ದಾರೆ!"

ಸ್ಕ್ರೂ ಡ್ರೈವರಿನಲ್ಲಿ ಕೆದಕಿದಳು. ಬಿಳಿ ಪುಡಿ ಅವಳ ತೋಳಿನ ಮೇಲೆಲ್ಲ ಸುರಿಯಿತು. ತೂತಿನಾಚೆ ಟೇಪು ಸುತ್ತಿದ ಎರಡು ದಪ್ಪ ತುದಿ ಅವಿತು ಕೂತಿದ್ದವು. ಇಕ್ಕಳಕ್ಕೆ ಸಿಕ್ಕಿದವು.

"ಗೋಡೆ ಆ ಕಡೆ ಏನಿದೆ?"

"ನನ್ನ ರೂಮು. ಅಲ್ಲೇನೂ ಇಲ್ಲ, ಬರೀ ಅಲ್ಮೇರಾ," ಎಂದ ಮ್ಯಾನೇಜರು, ಬಾಗಿಲಿಗೆ ಅಡ್ಡ ನಿಂತು.

"ಸರೀರಿ," ಇನ್ಸ್‌ಪೆಕ್ಟರು ಅವನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟು ಆಚೆ ಹೋದರು. ಅಲ್ಮೇರಾದ ಬಾಗಿಲು ತೆಗೆದ ಸದ್ದು, ಹ್ಯಾಂಗರುಗಳು ಸರಸರ ಜಾರಿದ ಸದ್ದು ಗೋಡೆಯಾಚೆಯಿಂದ ಕೇಳಿತು. "ಎಳೀರಿ ಅಕ್ಕ!"

ಅವಳು ಎಳೆದಳು. ಬಿಟ್ಟಳು. ಎಳೆದಳು.

"ಅಲ್ಲಾಡ್ತಾ ಇದೆ! ಅಕ್ಕಾ, ಕೋಟುಗಳ ಹಿಂದೆ ಹಲಗೆಗೆ ಒಂದು ಸ್ವಿಚ್ಚಿದೆ! ನೀವು ಎಳೆದಾಗೆಲ್ಲ ಕುಣೀತಾ ಇದೆ!"

ಅವಳಿಗೆ ಎಲ್ಲವೂ ಸರಕ್ಕನೆ ಕೂಡಿಕೊಂಡಿತು. ಈ ಸ್ವಿಚ್ಚಿನ ಎರಡೂ ಬದಿಗೆ ಒಂದೊಂದು ವೈರು ಕಚ್ಚಿಸಿ, ಗೋಡೆಯಾಚೆ ಇನ್ನೊಂದು ಸ್ವಿಚ್ಚಿಗೆ ಒಯ್ದಿದ್ದರು. ಇಲ್ಲಿ ಯಜಮಾನರು ಆರಿಸಿದರು. ಅಲ್ಲಿ, ಯಾರೂ ಒಯ್ಯದ ಹಳೇ ಕೋಟುಗಳ ಮರೆಯಲ್ಲಿ, ಯಾರದೋ ಬೆರಳು ಹಾಕಿತು. ಕೆಲಸ ಮುಗಿದ ಮೇಲೆ ಎರಡು ವೈರನ್ನೂ ಬಿಡಿಸಿ, ತೂತಿಗೆ ತುರುಕಿ, ಪುಟ್ಟಿ ಮೆತ್ತಿ, ಸುಟ್ಟ ಚೂರು ಸೇರಿಸಿ ವೈರಿಂಗ್ ಮಾಡಿದ ಬಡಪಾಯಿಯ ತಲೆಗೆ ಕಟ್ಟಿದರು.

ಇನ್ಸ್‌ಪೆಕ್ಟರು ಒಳಗೆ ಬಂದಾಗ ಅವರ ಮುಖದಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಇದು ಅಜಾಗರೂಕತೆ ಅಲ್ಲ ಅಕ್ಕ, ಕೊಲೆ. ಆದ್ರೆ ನಿಮಗೆ ಒಳ್ಳೇದೂ ಆಗ್ಲಿಲ್ಲ. ಇವನಿಗೆ ವೈರಿಂಗ್ ಬರಲ್ಲ. ಇವನಿಗೆ ಯಾರೋ ಮಾಡ್ಕೊಟ್ಟಿದ್ದಾರೆ. ಈ ಬೋರ್ಡಿಗೆ ಕೈ ಹಾಕಿದ ವೈರಿಂಗ್‌ನವನು ಅಂದ್ರೆ..."

"ಅವನೇ ಸಾರ್!" ಮ್ಯಾನೇಜರು ಮುಳುಗುವವನು ಹಗ್ಗ ಸಿಕ್ಕಂತೆ ಹಿಡಿದುಕೊಂಡ. "ಇವರ ತಮ್ಮನೇ! ಎರಡೂ ಸ್ವಿಚ್ಚು ಅವನೇ ಹಾಕಿದ್ದು. ಮಷೀನಿಗೆ ಎರಡು ಕಡೆ ಸ್ವಿಚ್ಚಿದ್ರೆ ಒಳ್ಳೇದು ಅಂದ, ನಾನು ಆಗ್ಲಿ ಅಂದೆ. ಅಷ್ಟೇ!"

"ಈ ಕ್ಷಣದವರೆಗೂ ಅಲ್ಲಿ ಬರೀ ಅಲ್ಮೇರಾ ಇದೆ ಅಂದ್ಯಲ್ಲೋ!" ಟೆಸ್ಟರಕ್ಕ ಇಕ್ಕಳ ಎತ್ತಿಕೊಂಡೇ ಅವನ ಮುಂದೆ ನಿಂತಳು. "ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದು ಯಾಕೆ? ಮಾಡ್ಕೊಟ್ಟೋನು ಯಾರು? ಹೇಳು!"

"ನಿಮ್ಮ ತಮ್ಮ ಅಂದ್ನಲ್ಲ. ಇನ್ನೇನಿದ್ರೂ ವಕೀಲರ ಮುಂದೆ."

ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಮೂರೂ ಇಪ್ಪತ್ತು. "ಕೋರ್ಟಿನಲ್ಲಿ ಇವನ ಮಾತಿಗೆ ನೀವು ಏನು ಉತ್ತರ ಕೊಡ್ತೀರಿ ಅಕ್ಕ? ನಿಮ್ಮ ತಮ್ಮ ಹಾಕಿಲ್ಲ ಅನ್ನೋಕೆ ಏನಿದೆ?"

ಅವಳಿಗೆ ಅಳು ಬಂತು. ತಮ್ಮನನ್ನು ಉಳಿಸಲು ಬಂದವಳು ಸಣ್ಣ ಕೇಸನ್ನು ದೊಡ್ಡದು ಮಾಡಿ ಅವನ ಕೊರಳಿಗೇ ಹಾಕಿದ ಹಾಗಾಗಿತ್ತು. ಅಪ್ಪ ಬದುಕಿದ್ದರೆ ಏನೆನ್ನುತ್ತಿದ್ದರು? ಅಪ್ಪ ಏನೂ ಅನ್ನುತ್ತಿರಲಿಲ್ಲ. ಪೆನ್ಸಿಲ್ ಹುಡುಕುತ್ತಿದ್ದರು.

ಪೆನ್ಸಿಲ್!

"ಸಾರ್, ಹತ್ತೇ ನಿಮಿಷ ಕೊಡಿ!" ಅವಳು ಡಬ್ಬಿಗೆ ಹಾರಿದಳು. "ನಮ್ಮಪ್ಪನ ಲೆಕ್ಕ ಹೇಳಿದ್ನಲ್ಲ, ಆ ಮೊತ್ತಾನ ಡಬ್ಬಿಯ ಒಳಬೆನ್ನ ಮೇಲೆ ಪೆನ್ಸಿಲಲ್ಲಿ ಬರೀಬೇಕು. ವೈರು ಹೆಚ್ಚು ಮಾಡಿದ್ರೆ ಹಳೇದು ಹೊಡೆದುಹಾಕಿ ಹೊಸದು ಬರೀಬೇಕು. ಮುಂದೆ ಬಿಚ್ಚೋನಿಗೆ ಗೊತ್ತಾಗ್ಲಿ ಅಂತ. ನಾನಾಗಲಿ ನನ್ನ ತಮ್ಮನಾಗಲಿ ಅದು ಬರೀದೆ ಸ್ವಿಚ್ಚು ಕೂರಿಸಲ್ಲ, ಕೈಗೆ ಅಂಟಿದ ಚಾಳಿ. ತಮ್ಮನೇ ಎರಡೂ ಸ್ವಿಚ್ಚು ಹಾಕಿದ್ರೆ ಒಳಗೆ ಒಂಬತ್ತು ಅಂತಿರುತ್ತೆ. ಹಾಕಿಲ್ಲ ಅಂದ್ರೆ ಏಳು ಅಂತಷ್ಟೇ ಇರುತ್ತೆ!"

"ಏಳಿದ್ರೆ?"

"ಏಳಿದ್ರೆ ಆ ಎರಡು ವೈರು ಬಂದಿದ್ದು ಅವನು ಹೋದ ಮೇಲೆ. ಅವನು ಮನೆಗೆ, ಇವನು ನಿಮ್ಮ ಜೀಪಿಗೆ!"

"ನೋಡಿ ಮತ್ತೆ!" ಇನ್ಸ್‌ಪೆಕ್ಟರಿಗೂ ಆವೇಶ ಬಂದಿತ್ತು. ಯಜಮಾನರ ಹೆಂಡತಿ ಸ್ಟೂಲಿನಿಂದ ಎದ್ದು ನಿಂತರು.

ಸ್ವಿಚ್ಚು ಬಿಚ್ಚಿದಳು. ವೈರುಗಳನ್ನು ಒಂದೊಂದಾಗಿ ಬದಿಗೆ ಬಾಗಿಸಿದಳು. ಹಸಿರು ಜೋಡಿಯನ್ನು ಮೇಲಕ್ಕೆತ್ತಿದಳು. ಬಾಯಲ್ಲಿ ಟಾರ್ಚು ಕಚ್ಚಿ, ತಲೆಯನ್ನೇ ಗೋಡೆಗೆ ಅಂಟಿಸಿ ಇಣುಕಿದಳು. ಅವಳನ್ನು ಬಿಟ್ಟು ಬೇರೆ ಯಾರಿಗೂ ಅಲ್ಲಿ ಏನೂ ಕಾಣುವಂತಿರಲಿಲ್ಲ.

ಪೆನ್ಸಿಲಿನ ಗೆರೆ ಇತ್ತು. ತಮ್ಮನ ಗುಂಡಗಿನ ಕೈಬರಹದಲ್ಲಿ ಏಳು. ಅದರ ಮೇಲೆ ಅಡ್ಡಗೆರೆ. ಕೆಳಗೆ, ಬೇರೆ ಯಾರದೋ ಅವಸರದ ಕೈಯಲ್ಲಿ, ಹತ್ತು.

ಹತ್ತೇ?

ಏಳಕ್ಕೆ ಎರಡು ಸೇರಿದರೆ ಒಂಬತ್ತು. ಹತ್ತು ಬರಬೇಕಾದರೆ ಮೊದಲಿನಿಂದ ಎಣಿಸಿ, ಎರಡು ಹಸಿರು ವೈರನ್ನು ಎರಡೆಂದೇ ಹಿಡಿದಿರಬೇಕು. ಅವಳ ತಮ್ಮ ನಿದ್ದೆಗಣ್ಣಲ್ಲೂ ಆ ತಪ್ಪು ಮಾಡುವವನಲ್ಲ. ಇದು ಅವನಲ್ಲ! ಅಪ್ಪನ ಲೆಕ್ಕ ಬಲ್ಲವನು, ಡಬ್ಬಿಯ ಬೆನ್ನ ಮೇಲೆ ಬರೆಯುವ ಚಾಳಿ ಇದ್ದವನು, ಆದರೂ ಹಸಿರು ವೈರಿನ ಹತ್ತಿರ ಬಂದಾಗ ಎಡವುವವನು ಬೇರೊಬ್ಬ. ಹಿಡಿದೇ ಬಿಟ್ಟೆ ಕಳ್ಳನನ್ನು! ಖುಷಿಯಿಂದ ಕೂಗಲು ಅವಳು ಬಾಯಿಂದ ಟಾರ್ಚು ತೆಗೆದಳು.

ಕೂಗು ಹೊರಡಲಿಲ್ಲ.

ಅಪ್ಪನ ಅಂಗಡಿ ಕಣ್ಣ ಮುಂದೆ ಬಂತು. ಬೆಂಚಿನ ಮೇಲೆ ಡಬ್ಬಿ. ಅಪ್ಪ ನಗುತ್ತಾ ಒಬ್ಬನ ತಲೆಗೆ ಪೆನ್ಸಿಲಿನಲ್ಲಿ ಮೊಟಕುತ್ತಿದ್ದಾರೆ. 'ಮತ್ತೆ ಎರಡು ಅಂದ್ಯಾ? ಎಷ್ಟು ಸಲ ಹೇಳ್ಲಯ್ಯಾ, ಅರ್ಥ್ ವೈರು ಎಷ್ಟಿದ್ರೂ ಒಂದೇ. ನನ್ನ ಮಗಳನ್ನ ಕೊಟ್ಟಿದ್ದು ನಿನ್ನ ಲೆಕ್ಕ ನೋಡಿ ಅಲ್ಲ ಬಿಡು!' ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಹೊಸದಾಗಿ ಮದುವೆಯಾಗಿದ್ದ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು.

ಪೂರ್ತಿ ಹೊರಗೆ ಎಳೆಯೋಕೆ ಹೋಗ್ಬೇಡ.

ಗೋಡೆಗೆ ಊರಿದ್ದ ಕೈ ಜಾರಿತು. ಮೂರು ದಿನದಿಂದ ಅನ್ನ ಬಿಟ್ಟು ಕೂತವರು, ಬೆಳಗ್ಗೆ ಈ ಟಾರ್ಚಿಗೆ ಹೊಸ ಸೆಲ್ಲು ಹಾಕಿ ಕೊಟ್ಟವರು, ಇಪ್ಪತ್ತಾರು ವರ್ಷ ಅವಳ ಪಕ್ಕದಲ್ಲಿ ಮಲಗಿದವರು.

"ಅಕ್ಕಾ? ಇದೆಯಾ ಬರಹ?"

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಅದೇ ನಗುಮುಖ ಬೆಳಗಿತು. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರು ಯಾಂತ್ರಿಕವಾಗಿ ಅದರತ್ತ ಕಣ್ಣು ಹಾಯಿಸಿದ. ಹಾಯಿಸಿದವನು ಹಾವು ತುಳಿದಂತೆ ಹಿಂದೆ ಸರಿದ. ಫೋನು ನೋಡಿದ, ಟೆಸ್ಟರಕ್ಕನನ್ನು ನೋಡಿದ, ಮತ್ತೆ ಫೋನು ನೋಡಿದ.

"ಇವರು... ಇವರು ನಿಮಗೆ ಏನಾಗ್ಬೇಕು?" ಎಂದ ಪಿಸುಗುಟ್ಟಿದಂತೆ.

ಇನ್ಸ್‌ಪೆಕ್ಟರಿಗೆ ಅದು ಕೇಳಿಸಲಿಲ್ಲ. ಅವರು ಡಬ್ಬಿಯ ಕಡೆಗೇ ಬರುತ್ತಿದ್ದರು. ಗಡಿಯಾರದಲ್ಲಿ ಮೂರೂ ಮೂವತ್ತೈದು. ಇನ್ನು ಇಪ್ಪತ್ತೈದು ನಿಮಿಷಕ್ಕೆ ಅವಳ ತಮ್ಮನ ಕೈಗೆ ಕೋಳ ಹಾಕಿ ಕಟಕಟೆ ಹತ್ತಿಸುತ್ತಾರೆ, ಈ ಸಲ ಕೊಲೆಗಾರನೆಂದು.

ಅವಳ ಹೆಬ್ಬೆರಳು ಡಬ್ಬಿಯೊಳಗೆ, ಆ ಪೆನ್ಸಿಲ್ ಗೆರೆಯ ಮೇಲೇ ಇತ್ತು. ಒಂದು ಸಲ ಉಜ್ಜಿದರೆ ಸಾಕು, ಅಲ್ಲಿ ಬೂದು ಬಣ್ಣವಲ್ಲದೆ ಇನ್ನೇನೂ ಇರದು.

"ಸರೀರಿ ಅಕ್ಕ, ನಾನು ನೋಡ್ತೀನಿ," ಎಂದು ಇನ್ಸ್‌ಪೆಕ್ಟರು ಟಾರ್ಚಿಗೆ ಕೈ ಚಾಚಿದರು. "ಎಷ್ಟು ಅಂತಿದೆ?"